ಪಿಸುಮಾತು ಕೇಳಿಸುವಷ್ಟು

ಕೆಟ್ಟ ಮೌಸ್ ಹಿಡಿದು ಕಂಪ್ಯೂಟರ್ ಅಂಗಡಿಯ ಸರದಿಯಲ್ಲಿ ನಿಂತಿದ್ದ ಮೇಷ್ಟರಿಗೆ ಮುಂದಿದ್ದ ಅಕ್ಕ-ತಮ್ಮನ ಮಾತಿಗೆ ಕಿವಿಗೊಡದೆ ವಿಧಿಯಿರಲಿಲ್ಲ. ಅಕ್ಕನ ಗಂಟಲೇ ಹಾಗಿತ್ತು.

“ಸದ್ದಿಲ್ಲದ ಫ್ಯಾನ್ ಕೊಡಿ. ಇವನ ಕಂಪ್ಯೂಟರ್ ನೀರಲ್ಲೇ ತಣ್ಣಗಾಗುತ್ತಂತೆ, ಆದ್ರೂ ಹಿಟ್ಟಿನ ಗಿರಣಿ ಥರ ಅರಚುತ್ತೆ.”

ಅಂಗಡಿಯವನು ಅವಳು ತಂದಿದ್ದ ಹಳೇ ಫ್ಯಾನನ್ನು ತಿರುಗಿಸಿ ನೋಡಿದ. “ಆ ಬಿಸಿನೀರು ರೇಡಿಯೇಟರಿಗೆ ಬರುತ್ತಲ್ಲಮ್ಮ, ಅದಕ್ಕೆ ಗಾಳಿ ಬೇಕೇ ಬೇಕು. ಅದರ ಸಂದಿಯೊಳಗೆ ಗಾಳಿ ನುಗ್ಗಿಸೋಕಾಗದೆ ಇದು ಒದ್ದಾಡುತ್ತೆ. ಈ ಹೊಸದು ನಿಧಾನ ತಿರುಗಿದ್ರೂ ಒತ್ತಿ ತಳ್ಳುತ್ತೆ.”

“ನಮ್ಮಮ್ಮನಿಗೆ ಗಂಟಲು ಆಪರೇಷನ್ ಆಗಿದೆ, ಬರೀ ಪಿಸುಗುಟ್ಟೋದು. ಮೊನ್ನೆ ನೀರು ಬೇಕಂತ ಕರೆದೂ ಕರೆದೂ ಸಾಕಾಗಿ ತಾನೇ ಎದ್ದು ಹೋಗಿ ಬಿದ್ದಳು. ಇವನು ಅದೇ ರೂಮಲ್ಲಿದ್ದ. ಫ್ಯಾನ್ ಸದ್ದಲ್ಲಿ ಕೇಳಿಸಲಿಲ್ವಂತೆ.”

ಗಡ್ಡದ ತಮ್ಮ ತಲೆಯೆತ್ತಲಿಲ್ಲ.

ಅಂಗಡಿಯವನು ಹೊಸ ಫ್ಯಾನಿಗೆ ಕರೆಂಟು ಕೊಟ್ಟು ತಿರುಗಿಸಿ ತೋರಿಸಿದ. ಅಕ್ಕ ಬಾಗಿಲ ತನಕ ಹೋಗಿ ಅಮ್ಮನ ಹಾಗೆ ಪಿಸುಗುಟ್ಟಿದಳು: “ಪುಟ್ಟಾ, ನೀರು.”

ಮೇಷ್ಟರು ತಿರುಗಿ ನೋಡಿದರು. ತಮ್ಮ ತಿರುಗಲಿಲ್ಲ.

“ನೋಡಿ, ಇದರಲ್ಲೂ ಕೇಳಿಸಲ್ಲ! ಇನ್ನೂ ಮೆತ್ತಗಿರೋದು ಕೊಡಿ.”

“ಬೇಡ ಅಕ್ಕ. ಕೇಳಿಸ್ತು.”

“ಮತ್ತೆ ತಿರುಗೋಕೇನಾಗಿತ್ತು?”

“ಮೊನ್ನೆನೂ ಕೇಳಿಸಿತ್ತು. ಆಟ ಮುಗೀಲಿ ಅಂತ ಕೂತಿದ್ದೆ.”

ಅಕ್ಕ ಬಾಗಿಲು ತಳ್ಳಿಕೊಂಡು ಹೊರಟೇಬಿಟ್ಟಳು.

“ಅಕ್ಕಾ!” ಎನ್ನುತ್ತ ತಮ್ಮ ಹಿಂದೆಯೇ ಓಡಿದ. ಅದು ಇಡೀ ಬೀದಿಗೆ ಕೇಳಿಸಿತು. ಅವಳು ತಿರುಗಲಿಲ್ಲ.