ಕರಡಿ ಮಾರ್ಕ್ ಬಂದೂಕು

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಅಂಬುಜಾ ಅವರ ಪಕ್ಕಕ್ಕೆ ವಯಸ್ಸಾದ ಗಂಡಹೆಂಡಿರು ಬಂದು ಕೂತರು. ಗಂಡನ ತೊಡೆಯ ಮೇಲೆ ಹೊಸದಾಗಿ ಗಾಜಿನ ಕಟ್ಟು ಹಾಕಿಸಿದ ಹಳೇ ಜಾಹೀರಾತು: ಹ್ಯಾಟು ತೊಟ್ಟ ದೊರೆ, ಒಮ್ಮೆ ತುಂಬಿದರೆ ಸಾಲಾಗಿ ಗುಂಡು ಹಾರಿಸುವ ಬಂದೂಕು, ಎದುರಿಗೆ ಎದ್ದು ನಿಂತ ಕರಡಿ.

“ಇದನ್ನ ನೋಡ್ಕೊಂಡೇ ನಮ್ ತಾತ ಕರಡಿ ಮಾರ್ಕ್ ಬಂದೂಕೇ ಬೇಕು ಅಂತ ಹಟ ಹಿಡಿದಿದ್ದು,” ಎಂದ ಆತ.

“ನಮ್ಮ ಹೊರಮಾವಲ್ಲಿ ಕರಡಿ ಎಲ್ಲಿತ್ರೀ?” ಎಂದಳು ಹೆಂಡತಿ.

“ಕರಡಿ ಇರ್ಲಿಲ್ಲ. ಜಾಹೀರಾತು ಹಂಗಿತ್ತು.”

ಹಲಸೂರಿನ ಬಸ್ಸು ಬಂದು ಹೋಯಿತು. ಅದಕ್ಕೇ ಕಾದಿದ್ದ ಅಂಬುಜಾ ಏಳಲಿಲ್ಲ.

“ತಾತ ಒಂದು ಗುಂಡಾದ್ರೂ ಹಾರಿಸಿದ್ರಾ?” ಹೆಂಡತಿ ಮತ್ತೆ ಕೇಳಿದಳು.

“ಆಯುಧಪೂಜೇಲಿ ಆರತಿ ಎತ್ತಿಸ್ಕೊಳ್ಳೋದೇ ಅದರ ಕೆಲಸ ಆಗಿತ್ತು.”

“ಲೈಸೆನ್ಸ್ ಮುಗೀತು ಅಂತ ಅದನ್ನೂ ಪೊಲೀಸ್ ಸ್ಟೇಷನ್‌ಗೆ ಒಪ್ಪಿಸಿ ಬಂದ್ಬಿಟ್ರಿ. ನಾಳೆ ಪೂಜೆಗೆ ಏನಿಡೋದು ಅಂತ ನಂಗೆ ನಿದ್ದೇನೇ ಬಂದಿರ್ಲಿಲ್ಲ.”

“ಅದಕ್ಕೇ ಅಲ್ವಾ ಇದಕ್ಕೆ ಕಟ್ಟು ಹಾಕ್ಸಿದ್ದು? ಬಂದೂಕಿಗೆ ಮಾತ್ರ ಕುಂಕುಮ ಇಡು. ದೊರೆ ಮುಖಕ್ಕೆ ಬಳೀಬೇಡ.”

ಹೊರಮಾವಿನ ಬಸ್ಸು ಬಂತು. ಹೆಂಡತಿ ಮೊದಲು ಹತ್ತಿ, ಗಂಡನ ಕೈಯಿಂದ ಚಿತ್ರವನ್ನು ಜೋಪಾನವಾಗಿ ಎತ್ತಿಕೊಂಡಳು.

“ಕರಡಿಗೂ ಇಡ್ತೀನಿ ಕಣ್ರೀ. ಪಾಪ, ತಾತನ ಕಾಲದಿಂದ ಗುಂಡಿಗೆ ಕಾದು ನಿಂತಿದೆ.”