ಎಂಟು ಸಾವಿರ ಅಲಾರಂ, ಒಂದು ಬಕೆಟ್

ಜಿನೀವಾದ ಬೆಳಗಿನ ಟ್ರಾಮಿನಲ್ಲಿ ಇದಾಲಿನಾಳ ಎದುರು ಸೀಟಿಗೆ ಇಬ್ಬರು ಎಂಜಿನಿಯರುಗಳು ಬಂದು ಕೂತರು. ಕಣಗಳ ಜಾಡು ಹಿಡಿಯುವ ದೊಡ್ಡ ಯಂತ್ರಕ್ಕೆ ನಿಯಂತ್ರಣ ವ್ಯವಸ್ಥೆ ರೂಪಿಸಿದವರು ಅವರು. ಇದಾಲಿನಾ ಅದೇ ಕಟ್ಟಡದಲ್ಲಿ ನೆಲ ಒರೆಸುವವಳು.

"ಮಂಗಳವಾರ ನೀರು ಸೋರಿದಾಗ ಅಲಾರಂ ಹೊಡ್ಕೊಳ್ಳಲಿಲ್ವಾ?" ಎಂದು ಅವರಲ್ಲಿ ಕಿರಿಯಳಾದ ಲಿವಿಯಾ ಕೇಳಿದಳು.

"ಹೊಡ್ಕೊಳ್ತಮ್ಮ. ಅವತ್ತು ಬಂದ ಎಂಟು ಸಾವಿರ ಅಲಾರಂನಲ್ಲಿ ಅದೂ ಒಂದು," ಎಂದರು ಹಿರಿಯ ಗಾಸ್ಪಾರ್.

"ಕಂಟ್ರೋಲ್ ರೂಮಿನ ಪಾಳಿಯವರು ಏನ್ಮಾಡ್ತಿದ್ರು?"

"ತಲೆ ಚಿಟ್ಟು ಹಿಡಿದು ಸದ್ದೇ ಬಂದ್ ಮಾಡಿದ್ರು."

"ಮತ್ತೆ ಯಾರು ನೋಡಿದ್ದು?"

"ನೆಲ ಒರೆಸೋಳು. ಬಕೆಟ್ ಇಟ್ಟು ಓಡಿಬಂದು ಹೇಳಿದ್ಲಂತೆ. ಇಲ್ಲದಿದ್ರೆ ನೀರು ಯಂತ್ರದ ವೈರಿಂಗಿಗೆ ನುಗ್ಗಿ ಹತ್ತು ವರ್ಷದ ಕೆಲಸ ಸುಟ್ಟು ಹೋಗ್ತಿತ್ತು."

ಇದಾಲಿನಾ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಹಾಗಾದ್ರೆ ಅಲಾರಂ ಕಡಿಮೆ ಮಾಡೋಣ," ಎಂದಳು ಲಿವಿಯಾ.

"ಹುಚ್ಚಾ ನಿಂಗೆ? ಸದ್ದು ಬಂದ್ ಮಾಡಿದ್ರೆ ಹೊಡ್ಕೊಳ್ಳೋಕೆ ಇನ್ನೊಂದು ಅಲಾರಂ ಸೇರಿಸೋಣ. ಇವತ್ತು ಸಭೇಲಿ ಅದನ್ನೇ ಒಪ್ಪಿಸ್ಬೇಕು."

"ಆಯಮ್ಮನನ್ನೂ ಕರೆದು ಕೇಳಬಹುದಲ್ವಾ?"

"ಅವಳಿಗೇನು ತಿಳಿಯುತ್ತೆ? 'ಸೋರಿಕೆ ಸಕಾಲದಲ್ಲಿ ಪತ್ತೆಯಾಯಿತು' ಅಂತ ಬರಿ, ಸಾಕು."

ನಿಲ್ದಾಣ ಬಂತು. ಇದಾಲಿನಾ ಕಾಲು ಸರಿಸಿ ದಾರಿ ಬಿಟ್ಟಳು.

"ಬಹಳ ಉಪಕಾರವಾಯ್ತು, ಮೇಡಂ," ಎಂದು ಗಾಸ್ಪಾರ್ ತಲೆಬಾಗಿ ಇಳಿದು ಹೋದರು.