ಎಂಟು ಪಾಯಿಂಟ್ ಒಂಬತ್ತು ಒಂಬತ್ತು

ಯಾವಾಗ ಗೊತ್ತಾಯ್ತು ಅನ್ನೋದು ಆಮೇಲೆ, ಲಾವಣ್ಯಾ. ಮೊದಲು ಹೇಗಾಯ್ತು ಅಂತ ಕೇಳು. ಕೂತ್ಕೊಳಮ್ಮ... ಆಯ್ತು, ನಿಂತ್ಕೊಂಡೇ ಕೇಳು. ನಿನ್ನ ಜಾತಕ ತಪ್ಪಾಗಿತ್ತು ಅಂತ ಪಕ್ಕದ ಅಂಗಡಿ ಅಂಜನಪ್ಪನ ಹತ್ರ ಬಾಯಿಬಿಟ್ಟೆ ನೋಡು, ಬುದ್ಧಿ ಇಲ್ದೆ. ಎರಡೇ ದಿನದಲ್ಲಿ ನಿನಗೆ ಮುಟ್ಟಿಸಿದಾನೆ.

ತೊಂಬತ್ತೇಳರಲ್ಲಿ ಈ ಎಂಟನೇ ಕ್ರಾಸಲ್ಲಿ ಕಂಪ್ಯೂಟರ್ ಜಾತಕ ಅಂತ ಬೋರ್ಡ್ ಹಾಕಿದ್ದು ನಾನೊಬ್ಬನೇ. ಪ್ರೋಗ್ರಾಂ ಕೂಡ ನಾನೇ ಬರೆದದ್ದು. ಭಾನುವಾರ ಬಂದ್ರೆ ಮೆಟ್ಟಿಲ ಕೆಳಗಿನ ತನಕ ಜನ. ಬೇಗ ಬೇಗ ಆಗ್ಲಿ ಅಂತ ಹೊಸ ಮೆಷೀನು ತಂದೆ, ಬರೆದದ್ದನ್ನ ಮೆಷೀನಿನ ಭಾಷೆಗೆ ತಿರುಗಿಸೋ ಹೊಸ ಕಂಪೈಲರ್ ಹಾಕಿದೆ. ಅದ್ರಲ್ಲಿ ಪ್ರೋಗ್ರಾಂನ ಜೋರಾಗಿ ಓಡಿಸೋ ಆಯ್ಕೆ ಇತ್ತು, ಒತ್ತಿದೆ. ನಾನು ಮಾಡಿದ್ದು ಅಷ್ಟೇ ಕಣಮ್ಮ. ಮಿಕ್ಕಿದ್ದೆಲ್ಲ ಅದೇ ಮಾಡಿದ್ದು.

ಯಾಕೆ ನಗ್ತೀಯ? ನಗು, ನಗು. ನಿಮ್ಮಪ್ಪ ಧರ್ಮರಾಜು ಆಗಿದ್ರೆ ಅರ್ಥ ಮಾಡ್ಕೊಳ್ಳೋರು. ತಕ್ಕಡಿ ಹಿಡಿದು ತರಕಾರಿ ಮಾರಿದ ಮನುಷ್ಯ. ಮುಳ್ಳು ಗೆರೆ ಮೇಲೇ ನಿಂತ್ರೆ ಎಷ್ಟು ಕಷ್ಟ ಅಂತ ಅವ್ರಿಗೆ ಗೊತ್ತಿತ್ತು.

ನಿನ್ನ ಜಾತಕದ ಚಂದ್ರನೂ ಹಾಗೇ ಗೆರೆ ಮೇಲೆ ನಿಂತಿದ್ದ. ನೂರಿಪ್ಪತ್ತು ಡಿಗ್ರಿ, ಸರಿಯಾಗಿ. ಒಂದು ನಕ್ಷತ್ರಕ್ಕೆ ಹದಿಮೂರು ಪಾಯಿಂಟ್ ಮೂರು ಮೂರು ಮೂರು... ಮುಗಿಯೋದೇ ಇಲ್ಲ ಅದು. ಮುಗೀದೇ ಇದ್ರೆ ಕಂಪ್ಯೂಟರ್ ಏನ್ಮಾಡುತ್ತೆ, ಎಲ್ಲೋ ಒಂದು ಕಡೆ ಕತ್ತರಿಸುತ್ತೆ. ಭಾಗಿಸಿದ್ರೆ ಒಂಬತ್ತು ಬರ್ಬೇಕು. ಒಂಬತ್ತು ನಕ್ಷತ್ರ ಮುಗೀತು, ಹತ್ತನೇದು ಮಖಾ. ಹಳೇ ಮೆಷೀನು ಉತ್ತರಾನ ಮೆಮೊರೀಲಿ ಇಡೋದು. ಅಲ್ಲಿ ಜಾಗ ಕಮ್ಮಿ, ಅರವತ್ತನಾಲ್ಕು ಬಿಟ್ ಅಷ್ಟೇ, ಕೊನೇ ಚೂರು ಹಿಡಿಸದೆ ಮೇಲಕ್ಕೆ ಸರಿದು ಒಂಬತ್ತೇ ಆಗೋದು. ಹೊಸದು ಜೋರಾಗಿ ಓಡ್ಬೇಕಲ್ಲ, ಪ್ರಾಸೆಸರ್ ಒಳಗೇ ಇಟ್ಕೊಳ್ತು, ಎಂಬತ್ತು ಬಿಟ್‌ನಲ್ಲಿ, ಜಾಗ ಜಾಸ್ತಿ. ಅಲ್ಲಿ ಎಂಟು ಪಾಯಿಂಟ್ ಒಂಬತ್ತು ಒಂಬತ್ತು ಒಂಬತ್ತು. ಪಾಯಿಂಟ್ ಆದ್ಮೇಲಿನದನ್ನ ನನ್ನ ಪ್ರೋಗ್ರಾಂ ಬಿಸಾಕುತ್ತೆ. ಎಂಟು ಉಳೀತು. ಎಂಟು ಮುಗಿದು ಒಂಬತ್ತನೇದು, ಆಶ್ಲೇಷಾ ಅಂತ ಪ್ರಿಂಟಾಯ್ತು.

ಹೌದು, ಗೊತ್ತು. ಆಶ್ಲೇಷಾ ಸೊಸೆ ಬಂದ್ರೆ ಅತ್ತೆ ಉಳಿಯಲ್ಲ ಅಂತ, ನಿನ್ನ ಮದುವೆ ಆಗ್ಬೇಕಿದ್ದ ನಂದಕುಮಾರನ ತಾಯಿ ಧನಲಕ್ಷ್ಮಿ ಕಾಗದ ಮಡಚಿ ಎದ್ದುಬಿಟ್ಲು. ಅವಳೇ ಊರೆಲ್ಲ ಹೇಳ್ಕೊಂಡು ಬಂದ್ಲು, ಶ್ರೀರಾಂಪುರದ ತನಕ. ಆಮೇಲೆ ಯಾರೂ ನಿನ್ನ ನೋಡೋಕೆ ಬರ್ಲಿಲ್ಲ. ಅದಕ್ಕೂ ನಾನೇನಾ ಹೊಣೆ? ನಂಬೋ ಜನ ಏನೂ ಅಲ್ವಾ? ಇಂಥ ಪ್ರಾಸೆಸರ್ ಮಾಡಿದೋರು ಏನೂ ಅಲ್ವಾ? ಅವ್ರನ್ನ ಯಾರೂ ಕೇಳಲ್ಲ. ಈ ಯೋಗಾನಂದ ಒಬ್ಬ ಸಿಕ್ದ ಎಲ್ರಿಗೂ.

ಮಖಾನೇ ಅಂತ ನಿಮ್ಮಜ್ಜಿ ದೊಡ್ಡಮುನಿಯಮ್ಮ ಹಟ ಹಿಡಿದಿದ್ರು, ನಿಜ. ನಿಮ್ಮಪ್ಪನೇ ಒಪ್ಪಲಿಲ್ಲ. ನಿನಗೆ ವಯಸ್ಸಾಯ್ತು, ಹೆರಿಗೆ ಹೊತ್ತು ಮರೆತಿದೀಯ ಅಂತ ತಾಯಿಗೇ ಬೈದ್ರು. ಯಂತ್ರದ ಮೇಲೆ ಅಷ್ಟು ನಂಬಿಕೆ.

ಯಾವಾಗ, ಯಾವಾಗ... ಹೋದ ತಿಂಗಳು. ಹೇಳಿದ್ನಲ್ಲ. ಹಳೇ ಫ್ಲಾಪಿ ಸಿಕ್ತು, ಸುಮ್ನೆ ಹಾಕಿ ನೋಡ್ದೆ. ಲೆಕ್ಕ ಎಲ್ಲಿ ಎಡವುತ್ತೆ ಅಂತ ನೋಡೋಕೆ ಮಧ್ಯದಲ್ಲೊಂದು ಸಾಲು ಸೇರಿಸ್ದೆ, ಆ ಸಂಖ್ಯೆ ಸ್ಕ್ರೀನಲ್ಲಿ ತೋರ್ಸು ಅಂತ. ತೋರಿಸ್ಬೇಕಂದ್ರೆ ಅದು ಮೆಮೊರಿಗೆ ಬರ್ಬೇಕು. ಬಂದಿದ್ದೇ ತಡ, ಒಂಬತ್ತಾಯ್ತು. ಮಖಾ. ಸಾಲು ತೆಗೆದೆ, ಆಶ್ಲೇಷಾ. ಮತ್ತೆ ಹಾಕಿದೆ, ಮಖಾ. ನೋಡಿದ್ರೆ ಒಂದು ಹೇಳುತ್ತೆ, ನೋಡದಿದ್ರೆ ಇನ್ನೊಂದು. ಪಕ್ಕದಲ್ಲೇ ನಿಮ್ಮಪ್ಪ, 'ಏನ್ ಯೋಗಣ್ಣ, ಎರಡೆರಡು ಹೇಳ್ತಿದೆ' ಅಂತ...

ಏನು? ಏನ್ ಹಾಗ್ ನೋಡ್ತೀಯ?

ಗೊತ್ತಮ್ಮ. ನಿಮ್ಮಪ್ಪ ಹೋಗಿ ಆರು ವರ್ಷ ಆಯ್ತು.

ಅವತ್ತೇ ಗೊತ್ತಾಯ್ತು. ಧನಲಕ್ಷ್ಮಿ ಎದ್ದುಹೋದ ಅದೇ ಭಾನುವಾರ. ಇನ್ನೊಂದ್ಸಲ ನೋಡಿ ಅಂತ ಕೇಳ್ಕೊಂಡ್ರು, ನೋಡ್ದೆ. ಮೆಷೀನು ಬಿಸಿಯಾಗಿದೆ ಅಷ್ಟೇ, ಆಶ್ಲೇಷಾನೇ ಅಂದೆ. ಮೆಟ್ಟಿಲ ತುಂಬ ಜನ ನಿಂತಿದ್ರು ಕಣಮ್ಮ. ಒಂದು ತಪ್ಪು ಅಂದಿದ್ರೆ ಅಲ್ಲಿವರೆಗೆ ಕೊಟ್ಟಿದ್ದೆಲ್ಲ ತಪ್ಪು ಅನ್ನೋರು.

ಧನಲಕ್ಷ್ಮಿ ಇನ್ನೂ ಹೋಗಿರ್ಲಿಲ್ಲ. ಕೆಳಗೆ ಚಪ್ಪಲಿ ಹಾಕ್ಕೊಳ್ತಾ ಇದ್ಲು. ಕಿಟಕೀಲಿ ಕಾಣ್ತಿತ್ತು. ಇಲ್ಲಿಂದ ಕೂಗಿದ್ರೆ ಸಾಕಾಗಿತ್ತು, ತಿರುಗಿ ನೋಡೋಳು.